ಕೋಪದ ಹಾಲು

ಫೆಬ್ರವರಿ 22, ಬೂದಿ ಬುಧವಾರ

ಇಂದು ಉಪವಾಸ. ಒಂದೇ ಹೊತ್ತಿನ ಊಟ, ಅದೂ ಮಸೂರ ಬೇಳೆ ಮತ್ತು ಎರಡು ರೊಟ್ಟಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮೆಕ್ಕೆಜೋಳದ ಗಂಜಿ ಕಾಯಿಸಿ ಮಗಳು ಯಾದಿರಾಗೆ ಎರಡು ಲೋಟ ಕುಡಿಸಿದೆ. ಅಳಿಯ ಉಬಾಲ್ದೊನ ಬುತ್ತಿಗೆ ಪಾಪಾಸುಕಳ್ಳಿಯ ಪಲ್ಯ ತುಂಬಿದೆ. ಕೂಸಿನ ಬಟ್ಟೆ ಒಗೆದು ಒಲೆಯ ಬಳಿ ಹರವಿದೆ. ಹೊರಗೆ ಹರವಿದರೆ ಅಮೆರಿಕದ ಈ ಯಾಕಿಮಾದ ಚಳಿಗೆ ಒಣರೊಟ್ಟಿಯ ಹಾಗೆ ಸೆಟೆದುಕೊಳ್ಳುತ್ತವೆ. ಆಮೇಲೆ ಕೂಸನ್ನು ಶಾಲಿನಲ್ಲಿ ಎದೆಗೆ ಕಟ್ಟಿಕೊಂಡು ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ.

ಗುರುಗಳು ಕೇಳಿದರು, "ಈ ನಲವತ್ತು ದಿನ ಏನು ಬಿಡ್ತೀಯ, ದೊಮಿತಿಲಾ?"

"ಸಿಹಿ ಬಿಡ್ತೀನಿ ಸ್ವಾಮಿ."

"ಸಿಹಿ ತಿನ್ನಮ್ಮ, ಪರವಾಗಿಲ್ಲ. ಕೋಪ ಬಿಡು. ಬಿಡೋಕಾಗಲ್ಲ ಅಂದ್ರೆ ಬರೆದಿಡು. ಈಸ್ಟರ್ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ತಗೊಂಡು ಬಾ."

ಅದಕ್ಕೇ ಈ ಪುಸ್ತಕ. ಮೆಕ್ಸಿಕೊದ ನಮ್ಮೂರ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿದ ಕೈ ನನ್ನದು. ಅಕ್ಷರ ದಪ್ಪವಾಗಿವೆ, ಬೇಗ ತುಂಬಿಹೋಗುತ್ತದೆ.

ಯಾದಿರಾಳ ನಲವತ್ತು ದಿನದ ಬಾಣಂತನ ಮುಗಿಯಿತು. ತಲೆಗೆ ಬಟ್ಟೆ ಕಟ್ಟಿ, ತಣ್ಣೀರು ಮುಟ್ಟಿಸದೆ, ಹಂದಿಮಾಂಸ ತಿನ್ನಿಸದೆ ಚೆನ್ನಾಗಿ ಮಾಡಿದ್ದೇನೆ. ಕೂಸು ನಯೇಲಿ ಎದೆಹಾಲು ಕುಡಿದು ಉಂಡೆಯ ಹಾಗಿದ್ದಾಳೆ. ಇವತ್ತು ಯಾದಿರಾ ಸೇಬಿನ ಶೆಡ್ಡಿಗೆ ಮತ್ತೆ ಕೆಲಸಕ್ಕೆ ಹೋದಳು. ಬೆಲ್ಟಿನ ಮೇಲೆ ಬರುವ ಹಣ್ಣಿನಲ್ಲಿ ಕೆಟ್ಟದ್ದು ಆರಿಸುವುದು ಅವಳ ಕೆಲಸ.

ಸಂಜೆ ಬಂದಾಗ ರವಿಕೆಯ ಮುಂಭಾಗವೆಲ್ಲ ಒದ್ದೆ. ಕಣ್ಣು ಕೆಂಡ.

"ಕೊಡಮ್ಮ ಕೂಸನ್ನ."

"ಮೊದಲು ಏನಾಯ್ತು ಹೇಳು."

"ಆ ಮೇಸ್ತ್ರಿ ಇರ್ಮಾ. ಹಾಲು ಹಿಂಡ್ಕೊಂಡು ಬರ್ತೀನಿ ಅಂತ ಕೇಳಿದ್ರೆ ಎಲ್ಲರ ಮುಂದೆ, 'ಇದು ಸೇಬಿನ ಶೆಡ್ಡು ಕಣೇ, ಹಾಲಿನ ಡೈರಿ ಅಲ್ಲ' ಅಂದ್ಲು. ಎಲ್ಲರೂ ನಕ್ರು. ಕಕ್ಕಸಿನಲ್ಲಿ ನಿಂತ್ಕೊಂಡು ಹಿಂಡಿದೆ. ಹತ್ತೇ ನಿಮಿಷ. ಹೊರಗಡೆ ಬಾಗಿಲು ಬಡೀತಾನೇ ಇದ್ರು."

ನಾನು ಕೂಸನ್ನು ಹಿಂದಕ್ಕೆ ಎಳೆದುಕೊಂಡೆ. "ಕೋಪ ಇಳಿಯೋವರೆಗೂ ಎದೆ ಕೊಡಬೇಡ. ಈಗಿರೋದು ಕೋಪದ ಹಾಲು. ಕೂಸಿಗೆ ವಿಷ."

"ಅಮ್ಮಾ, ಎದೆ ಕಲ್ಲಾಗಿದೆ. ಸಿಡೀತಿದೆ."

"ಸಿಡೀಲಿ."

ಕೋಪಕ್ಕೆ ಕಹಿಸೊಪ್ಪಿನ ಕಷಾಯ ಕುಡಿಸಿದೆ. ಮೊದಲ ಹಾಲನ್ನು ಹಿಂಡಿ ಚೆಲ್ಲಿಸಿದೆ. ಕೂಸಿಗೆ ಡಬ್ಬಿ ಹಾಲು ಕಲೆಸಿ ಕೊಟ್ಟೆ. ಅರ್ಧ ಕಕ್ಕಿತು.

ಇವತ್ತಿನ ಕೋಪ ಮೂರು: ಇರ್ಮಾಳ ಮೇಲೆ, ಬಾಗಿಲು ಬಡಿದವರ ಮೇಲೆ, ಕೋಪ ಮಾಡಿಕೊಂಡು ಮನೆಗೆ ಬಂದ ಮಗಳ ಮೇಲೆ. ದೇವರೇ, ಕ್ಷಮಿಸು.

ಫೆಬ್ರವರಿ 24, ಶುಕ್ರವಾರ

ಮಾಂಸವಿಲ್ಲದ ದಿನ. ಯಾದಿರಾ ದಿನವೂ ಹಿಂಡಿದ ಹಾಲನ್ನು ಸಣ್ಣ ಚೀಲಗಳಲ್ಲಿ ಕಟ್ಟಿ ತಂದು ಫ್ರಿಜ್ಜಿನಲ್ಲಿಡುತ್ತಾಳೆ, ಮಾರನೆಯ ದಿನ ನಾನು ಕೂಸಿಗೆ ಕೊಡಲೆಂದು. ಚೀಲದ ಮೇಲೆ ತಾರೀಖು ಬೇರೆ ಬರೆಯುತ್ತಾಳೆ. ಎಲ್ಲವೂ ಆ ಕಕ್ಕಸಿನಲ್ಲಿ ಹಲ್ಲು ಕಚ್ಚಿಕೊಂಡು ಹಿಂಡಿದ್ದು. ಇವತ್ತು ಎರಡು ಚೀಲ ಬಚ್ಚಲಿಗೆ ಸುರಿದೆ. ಸುರಿಯುವಾಗ ಮಾತೆಯ ಜಪ ಹೇಳಿದೆ. ಅವಳಿಗೆ ಹೇಳಿಲ್ಲ. ಕೂಸು ಡಬ್ಬಿ ಹಾಲು ಕುಡಿಯಿತು, ಮುಖ ಸಿಂಡರಿಸಿಕೊಂಡು.

ಕೋಪ ಒಂದು. ಡಬ್ಬಿಯ ಮೇಲೆ ನಗುವ ಮಗುವಿನ ಚಿತ್ರ ಬರೆದವನ ಮೇಲೆ. ಕ್ಷಮಿಸು.

ಮಾರ್ಚ್ 3, ಶುಕ್ರವಾರ

ಊರಿಂದ ಫೋನು. ನನ್ನ ಅತ್ತೆ ಪೆತ್ರೊನಿಲಾ. ಎಂಬತ್ತೊಂದಾಯಿತು, ಕಿವಿ ಮಂದ, ಬಾಯಿ ಮಾತ್ರ ಹಾಗೇ ಇದೆ. ಮೊಮ್ಮಗ ಫೋನು ಹಿಡಿದಿದ್ದ, ಅವಳು ಮೆಕ್ಸಿಕೊದ ಆ ಮಿಚೊವಾಕಾನಿನಿಂದ ಇಲ್ಲಿಯವರೆಗೆ ಫೋನಿಲ್ಲದೆಯೂ ಕೇಳಿಸುವ ಹಾಗೆ ಕೂಗುತ್ತಿದ್ದಳು.

"ಕೂಸು ಹೇಗಿದೆ?"

"ಚೆನ್ನಾಗಿದೆ ಅತ್ತೆ."

"ಅದರಮ್ಮ ಕೆಲಸಕ್ಕೆ ಹೋಗ್ತಾಳಂತೆ. ಅಲ್ಲಿ ಜಗಳ ಆಡ್ಕೊಂಡು ಬಂದು ಎದೆ ಕೊಟ್ಟಾಳು, ಹುಷಾರು. ನಿನ್ನ ಕ್ರಿಸ್ಪಿನ್ ಹೋಗಿದ್ದು ಹೇಗೆ ಅಂತ ನಿನಗೆ ನಾನು ನೆನಪು ಮಾಡ್ಬೇಕಾ?"

ಮಾಡಬೇಕಾಗಿಲ್ಲ.

ಕ್ರಿಸ್ಪಿನ್ ನನ್ನ ಚೊಚ್ಚಲ ಮಗ. ಮೂರು ತಿಂಗಳು. ಜುಲೈ ತಿಂಗಳು, ಮಳೆ. ಗಂಡ ಅಮೆರಿಕಕ್ಕೆ ಹೊರಟಾಗ ನನ್ನನ್ನು ಇವಳ ಹತ್ತಿರ ಬಿಟ್ಟು ಹೋಗಬೇಡ ಎಂದು ನಾನು ಕಿರುಚಿದೆ, ಇವಳೂ ಕಿರುಚಿದಳು, ಪಾತ್ರೆ ಹಾರಿದವು. ಆಮೇಲೆ ಕೂಸು ಅತ್ತಿತು, ಎದೆ ಕೊಟ್ಟೆ. ಮಾರನೆಯ ದಿನದಿಂದ ಭೇದಿ. ಮೂರನೆಯ ದಿನ ಬೆಳಿಗ್ಗೆ ಇಲ್ಲ. ಹೂ ಹಾಕಿ ಮಲಗಿಸಿದ್ದ ಕೂಸಿನ ಮುಂದೆ, ಬಂದವರೆಲ್ಲರೂ ಕೇಳುವ ಹಾಗೆ ಅತ್ತೆ ಹೇಳಿದಳು, "ಇವಳ ಕೋಪವೇ ಇವನನ್ನ ಕೊಂದಿದ್ದು."

ಇಪ್ಪತ್ತೆಂಟು ವರ್ಷ. ಯಾರಿಗೂ ನಾನು ಎದುರಾಡಿಲ್ಲ. ಯಾದಿರಾ ಹುಟ್ಟಿದ ಮೇಲೆ ಹಾಲು ಕೊಡುವ ಮೊದಲು ಪ್ರತಿ ಸಲ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಮನಸ್ಸು ತಣ್ಣಗಿದೆಯೇ ಎಂದು ಕೇಳಿಕೊಂಡು ಕೊಟ್ಟೆ.

ಇವತ್ತು ನಾಲ್ಕು ಚೀಲ ಸುರಿದೆ. ಕೋಪವಿಲ್ಲ. ಹೆದರಿಕೆ ಇದೆ, ಅದನ್ನು ಬರೆಯಲು ಗುರುಗಳು ಹೇಳಿಲ್ಲ.

ಮಾರ್ಚ್ 9, ಗುರುವಾರ

ತಾಯಿ ಮಕ್ಕಳ ಸರ್ಕಾರಿ ಕಚೇರಿಗೆ ಕೂಸನ್ನು ತೂಕಕ್ಕೆ ಒಯ್ದೆ. ಎರಡು ವಾರದಲ್ಲಿ ಏರಬೇಕಾದಷ್ಟು ಏರಿಲ್ಲ. ಅಲ್ಲಿ ಹಾಲೂಡಿಸುವ ವಿಷಯ ಹೇಳಿಕೊಡುವ ಗ್ರಿಸೆಲ್ದಾ ಎಂಬವಳಿದ್ದಾಳೆ. ನಮ್ಮವರ ಮಗಳೇ, ಟೆಕ್ಸಾಸಿನಲ್ಲಿ ಹುಟ್ಟಿದವಳು, ನಮ್ಮ ಭಾಷೆಯನ್ನು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವಳ ಹಾಗೆ ಮಾತಾಡುತ್ತಾಳೆ, ಆದರೆ ದೊಡ್ಡವರನ್ನು ಮರ್ಯಾದೆಯಿಂದ ದೋನ್ಯಾ ಎಂದೇ ಕರೆಯುತ್ತಾಳೆ.

"ದೋನ್ಯಾ ದೊಮಿತಿಲಾ, ಎದೆಹಾಲೋ, ಡಬ್ಬಿಯೋ?"

"ಎರಡೂ. ಇಲ್ಲಿ ಎಲ್ಲರೂ ಹಾಗೇ ಅಲ್ವಾ."

"ಎದೆಹಾಲು ಎಷ್ಟು ಸಲ?"

ಸುಳ್ಳು ಹೇಳಿದರೆ ಉಪವಾಸಕ್ಕೆ ಬೆಲೆ ಇಲ್ಲ. ಹೇಳಿಬಿಟ್ಟೆ. ಕೋಪದ ಹಾಲನ್ನು ಚೆಲ್ಲುತ್ತೇನೆ, ಸಂಜೆ ಮಗಳ ಕೋಪ ಇಳಿಯುವವರೆಗೆ ಕೂಸನ್ನು ಕೊಡುವುದಿಲ್ಲ ಎಂದೆ. ಅವಳು ನಗಲಿಲ್ಲ. ನಕ್ಕಿದ್ದರೆ ಎದ್ದು ಬರುತ್ತಿದ್ದೆ.

"ನಮ್ಮಜ್ಜಿನೂ ಹೀಗೇ ಹೇಳ್ತಿದ್ರು" ಎಂದಳು. "ಕೋಪ ಬಂದಾಗ ಹಾಲು ಇಳಿಯೋದು ತಡ ಆಗ್ಬಹುದು, ಕೆಡಲ್ಲ. ಕೂಸು ಬಾಯಿ ಹಾಕ್ದೇ ಇದ್ರೆ ಮಾತ್ರ ಒಣಗಿಹೋಗುತ್ತೆ. ನೀವು ಯಾರನ್ನಾದ್ರೂ ಹಾಗೆ ಕಳ್ಕೊಂಡಿದ್ದೀರಾ?"

ಕೂಸಿನ ಟೋಪಿ ಬಿಚ್ಚಿ ಪಕ್ಕಕ್ಕಿಟ್ಟೆ. ಒಬ್ಬ ಮಗ, ಮೂರು ತಿಂಗಳವನು ಎಂದೆ.

"ಆ ಕೂಸಿಗೆ ಬರೀ ಎದೆಹಾಲೇ ಇತ್ತಾ? ನೀರು ಗೀರು?"

"ನಮ್ಮತ್ತೆ ಚಕ್ಕೆ ನೀರು ಹಾಕ್ತಿದ್ಲು. ಹೊಟ್ಟೆ ತೊಳೆಯೋಕೆ. ಎಲ್ಲ ಮನೇಲೂ ಹಾಕ್ತಾರೆ."

"ಯಾವ ನೀರು ಅದು?"

ಎದ್ದು ಬಂದೆ. ಕೂಸಿನ ಟೋಪಿ ಅಲ್ಲೇ ಬಿಟ್ಟು ಬಂದೆ. ನನ್ನ ಮಗನ ಸಾವನ್ನು ಮೇಜಿನ ಮೇಲಿಟ್ಟು ಪ್ರಶ್ನೆ ಕೇಳಲು ಇವಳು ಯಾರು? ಇಪ್ಪತ್ತಾರು ವಯಸ್ಸು, ಉಗುರಿಗೆ ನೇರಳೆ ಬಣ್ಣ.

ಕೋಪ ಒಂದು. ದೊಡ್ಡದು. ಕ್ಷಮಿಸು.

ಮಾರ್ಚ್ 10, ಶುಕ್ರವಾರ

ಬೆಲ್ಟು ಕೆಟ್ಟಿತೆಂದು ಯಾದಿರಾ ಮಧ್ಯಾಹ್ನವೇ ಬಂದುಬಿಟ್ಟಳು. ನಾನು ಬಚ್ಚಲ ಬಳಿ. ಕೈಯಲ್ಲಿ ಚೀಲ.

ಅವಳು ನೋಡಿದಳು. ಬಗ್ಗಿ ಕಸದ ಬುಟ್ಟಿಯಿಂದ ಖಾಲಿ ಚೀಲ ತೆಗೆದಳು, ಒಂದು, ಇನ್ನೊಂದು. ತಾರೀಖು ಓದಿದಳು.

"ಎಷ್ಟು ದಿನದಿಂದ?"

"ನಿನ್ನ ಒಳ್ಳೇದಕ್ಕೇ ಮಗಳೇ."

"ಎಷ್ಟು ದಿನದಿಂದ ಅಂತ ಕೇಳ್ದೆ!"

"ಮೊದಲ ವಾರದಿಂದ."

"ಹೇಸಿಗೆ ವಾಸನೇಲಿ ನಿಂತ್ಕೊಂಡು, ಗೋಡೆಗೆ ತಲೆ ಕೊಟ್ಟು, ಕೂಸಿನ ಫೋಟೋ ನೋಡ್ಕೊಂಡು ಹಿಂಡಿದ್ದು ಅದು. ಇರ್ಮಾ ಬರೀ ಬಾಯಲ್ಲಿ ಆಡಿದ್ಲು. ನೀನು ಕೈಯಾರೆ ಮಾಡ್ದೆ."

ಅವಳು ನನ್ನನ್ನು ಇರ್ಮಾಳ ಜೊತೆ ತೂಗಿದಳು. ನನ್ನನ್ನು! ಈ ಕೈಯಲ್ಲಿ ಅವಳ ತಲೆಗೆ ನಲವತ್ತು ದಿನ ಬಟ್ಟೆ ಕಟ್ಟಿದ್ದೇನೆ. ಕ್ರಿಸ್ಪಿನ್‌ನ ಕಥೆ ಹೇಳಿದೆ. ಹೆಸರು ಅವಳಿಗೆ ಗೊತ್ತಿತ್ತು, ಹೇಗೆ ಹೋದ ಎಂಬುದು ಗೊತ್ತಿರಲಿಲ್ಲ. ಕೇಳಿಸಿಕೊಂಡು ಅತ್ತಳು, ಆದರೆ ಸಡಿಲಾಗಲಿಲ್ಲ.

"ಅವನಿಗೋಸ್ಕರ ಅಳ್ತೀನಿ. ಆದ್ರೆ ನನ್ನ ಹಾಲು ನಂದು."

ಇವತ್ತಿನ ಕೋಪ ಎಣಿಸಲಿಲ್ಲ.

ಮಾರ್ಚ್ 14

ಮನೆಯಲ್ಲಿ ಮಾತಿಲ್ಲ. ಅವಳ ಹಾಲು ಇಳಿದುಹೋಗಿದೆ, ನಿನ್ನೆ ತಂದ ಚೀಲದಲ್ಲಿ ತಳ ಮುಚ್ಚುವಷ್ಟೂ ಇರಲಿಲ್ಲ. ಅದನ್ನು ನಾನು ಸುರಿಯಲಿಲ್ಲ. ಕೊಡಲೂ ಇಲ್ಲ. ಫ್ರಿಜ್ಜಿನ ಬಾಗಿಲು ತೆರೆಯುತ್ತೇನೆ, ನೋಡುತ್ತೇನೆ, ಮುಚ್ಚುತ್ತೇನೆ.

ಉಬಾಲ್ದೊ ಊಟಕ್ಕೆ ಕೂತವನು, "ಯಾಕತ್ತೆ ಇಷ್ಟು ರಾದ್ಧಾಂತ? ಡಬ್ಬಿ ಹಾಲಲ್ಲೇ ಬೆಳೀಲಿ. ಇಲ್ಲಿನ ಮಕ್ಕಳೆಲ್ಲ ಹಾಗೇ ದುಂಡಗಿರ್ತಾವೆ" ಎಂದ.

"ನಿನ್ನ ಎದೇಲಿ ಹಾಲು ಬಂದಾಗ ನೀನು ಹೇಳು" ಎಂದೆ.

ಯಾದಿರಾ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು. ನನ್ನ ಕಡೆ ನೋಡಿ ಅಲ್ಲ, ತಟ್ಟೆ ನೋಡಿ.

ಮಾರ್ಚ್ 16, ಗುರುವಾರ

ಕೂಸು ಬೆಳಿಗ್ಗೆಯಿಂದ ಬಾಟಲಿ ಮುಟ್ಟಲಿಲ್ಲ. ರಬ್ಬರು ಬಾಯಿಗೆ ತಾಗಿದರೆ ತಲೆ ಹಿಂದಕ್ಕೆ ಎಸೆದು ಅರಚುತ್ತಿತ್ತು. ಆ ಚೀಲದ ಚೂರು ಹಾಲನ್ನು ಬೆಚ್ಚಗೆ ಮಾಡಿ ಚಮಚದ ತುದಿಯಲ್ಲಿ ತೆಗೆದೆ, ಕೈ ಮುಂದೆ ಹೋಗಲಿಲ್ಲ. ಹನ್ನೊಂದಕ್ಕೆ ಅದರ ಅಳು ಬತ್ತಿ ಬರೀ ಗೊರಗೊರ ಉಳಿಯಿತು. ಅಂಥ ಸದ್ದು ನಾನು ಒಮ್ಮೆ ಕೇಳಿದ್ದೇನೆ.

ಶಾಲಿನಲ್ಲಿ ಕಟ್ಟಿಕೊಂಡು ಶೆಡ್ಡಿಗೆ ನಡೆದೆ. ಎರಡು ಮೈಲಿ. ಎದುರು ಗಾಳಿ. ಹೆಂಗಸರು ಊಟಕ್ಕೆ ಹೊರಗೆ ಬಂದಿದ್ದರು, ಆಳೆತ್ತರ ಪೇರಿಸಿದ ಖಾಲಿ ಮರದ ಪೆಟ್ಟಿಗೆಗಳ ಮರೆಯಲ್ಲಿ ಕೂತಿದ್ದರು. ಯಾದಿರಾ ಕೂತಿರಲಿಲ್ಲ. ಇರ್ಮಾಳ ಎದುರು ನಿಂತು ಕಿರುಚುತ್ತಿದ್ದಳು. ಮತ್ತೆ ಅದೇ, ಹತ್ತು ನಿಮಿಷದ ಜಗಳ. ಕತ್ತಿನ ನರ ಉಬ್ಬಿತ್ತು. ಕೂಸಿನ ದನಿ ಕೇಳಿ ತಿರುಗಿದಳು.

ಓಡಿ ಬಂದಳು. ಗುಂಡಿ ಬಿಚ್ಚಲು ಕೈ ಹೋಯಿತು, ಅಲ್ಲೇ ನಿಂತಿತು.

"ನಾನೀಗ ಉರೀತಿದ್ದೀನಮ್ಮ. ತಲೆಯಿಂದ ಕಾಲವರೆಗೆ. ನೀನೇ ಹೇಳು. ಕೊಡ್ಲಾ, ಬೇಡ್ವಾ?"

ಅಷ್ಟು ಹೆಂಗಸರ ಮುಂದೆ ನನ್ನನ್ನು ಕೇಳಿದಳು. ಬೇಡ ಎಂದರೆ ಇನ್ನೆಂದೂ ಕೊಡುವುದಿಲ್ಲ ಎಂದು ಅವಳ ಮುಖದಲ್ಲಿತ್ತು. ಕೊಡು ಎಂದರೆ, ನಾಳೆ ಕೂಸಿಗೆ ಭೇದಿ ಹತ್ತಿದರೆ?

ಕೂಸು ಬಾಯಿ ತೆರೆದು ಅವಳ ವಾಸನೆ ಹುಡುಕುತ್ತಿತ್ತು.

"ಕೊಡು" ಎಂದೆ.

ಇಬ್ಬರ ಸುತ್ತಲೂ ನನ್ನ ಶಾಲು ಹೊದಿಸಿ ಗಾಳಿಗೆ ಬೆನ್ನು ಕೊಟ್ಟು ನಿಂತೆ. ಮೊದಲು ಏನೂ ಬರಲಿಲ್ಲ. ಕೂಸು ಎಳೆಯಿತು, ಬಿಟ್ಟಿತು, ಬೈದಂತೆ ಕೂಗಿತು, ಮತ್ತೆ ಹಿಡಿಯಿತು. ಆಮೇಲೆ ಗುಟುಕು ಕೇಳಿಸಿತು. ಗುಟುಕು, ಗುಟುಕು.

ಇರ್ಮಾ ಬಂದಳು. "ಮನೆಯವರನ್ನ ಒಳಗೆ ಬಿಡೋ ಹಾಗಿಲ್ಲ. ಹೊರಡಿ."

"ಕೂಸಿನ ಊಟ ಮುಗೀಲಿ, ಹೊರಡ್ತೀನಿ."

"ಅಜ್ಜಿ, ನಿಮಗೆ ಗೊತ್ತಾಗಲ್ಲ. ನಾನು ಹೆತ್ತು ಎಂಟನೇ ದಿನಕ್ಕೆ ಎದೆಗೆ ಬಟ್ಟೆ ಬಿಗಿದು ಬೆಲ್ಟಿಗೆ ನಿಂತವಳು. ಯಾವಳೂ ನನಗೆ ಹತ್ತು ನಿಮಿಷ ಕೊಡ್ಲಿಲ್ಲ."

"ಅದಕ್ಕೆ ನೀನೂ ಕೊಡಲ್ವಾ? ನಿನ್ನ ಹಾಲು ಒಣಗಿಸಿದವರ ಮೇಲೆ ಹೋಗಿ ಕೂಗಾಡೇ, ಇವಳ ಮೇಲಲ್ಲ!"

ನನ್ನ ದನಿಯೇ ಅದು. ಅಷ್ಟು ಗಟ್ಟಿಯಾಗಿ ಅದನ್ನು ಕೇಳಿ ಇಪ್ಪತ್ತೆಂಟು ವರ್ಷವಾಗಿತ್ತು. ಇರ್ಮಾ ಗಡಿಯಾರ ನೋಡಿಕೊಂಡು ಹೋದಳು. ಕೂಸು ಅಲ್ಲೇ ನಿದ್ದೆ ಹೋಯಿತು, ಗಲ್ಲದ ಮೇಲೆ ಹಾಲು ಸುರಿಸಿಕೊಂಡು.

ಮಾರ್ಚ್ 17

ಬಟ್ಟೆ ನೋಡಿದೆ. ಹಳದಿ. ಗಟ್ಟಿಯೂ ಅಲ್ಲ, ನೀರೂ ಅಲ್ಲ. ಮಧ್ಯಾಹ್ನ ಮತ್ತೆ ಶೆಡ್ಡಿಗೆ ಒಯ್ದೆ. ಅವಳು ಇವತ್ತೂ ಸಿಟ್ಟಿನಲ್ಲೇ ಇದ್ದಳು. ಕೂಸು ಕುಡಿಯಿತು.

ಮಾರ್ಚ್ 18

ಬಟ್ಟೆ ನೋಡಿದೆ. ಹಳದಿ.

ಮಾರ್ಚ್ 19, ಭಾನುವಾರ

ಕ್ರಿಸ್ಪಿನ್‌ಗೆ ಮೂರು ದಿನ ಸಾಕಾಗಿತ್ತು. ಇವತ್ತಿಗೆ ಮೂರು ದಿನ. ನಯೇಲಿ ಎಚ್ಚರವಾಗಿ ಕಾಲು ಒದೆಯುತ್ತಾ ಮಲಗಿದ್ದಾಳೆ. ಹೊಟ್ಟೆ ಮೆತ್ತಗಿದೆ. ಎಷ್ಟು ಸಲ ಮುಟ್ಟಿದೆನೋ, ಯಾದಿರಾ ಗದರಿದಳು, "ರೊಟ್ಟಿ ಹಿಟ್ಟಲ್ಲಮ್ಮ ಅದು, ಬಿಡು."

ಪೂಜೆಯಲ್ಲಿ ಕೂತಿದ್ದೆ. ಗುರುಗಳು ಏನು ಓದಿದರೋ ಗೊತ್ತಿಲ್ಲ. ತಲೆಯಲ್ಲಿ ರಮೋನಾ ಬಂದು ಕೂತಿದ್ದಳು. ಊರಲ್ಲಿ ನಮ್ಮ ಕೆಳಗಿನ ಮನೆ. ಎತ್ತು ಕಾಲು ತುಳಿದರೂ ಎತ್ತಿಗೆ ನೋವಾಯಿತೇ ಎಂದು ಕೇಳುವವಳು. ಜನ್ಮದಲ್ಲಿ ಕೋಪ ಮಾಡಿಕೊಂಡವಳಲ್ಲ. ಕ್ರಿಸ್ಪಿನ್ ಹೋದ ಎರಡನೆಯ ದಿನ ಅವಳ ಕೂಸು ಹೋಯಿತು. ಭೇದಿ. ಅದೇ ವಾರ ದೆಲ್ಫಿನಾಳ ಹೆಣ್ಣುಕೂಸು. ದೆಲ್ಫಿನಾಗೆ ಹಾಲೇ ಇರಲಿಲ್ಲ, ಕೂಸಿಗೆ ಮೇಕೆ ಹಾಲಿಗೆ ನೀರು ಬೆರೆಸಿ ಹಾಕುತ್ತಿದ್ದಳು. ಒಂದು ಬೀದಿ, ಒಂದು ವಾರ, ಮೂರು ಬಿಳಿ ಶವಪೆಟ್ಟಿಗೆ. ನಾನು ನನ್ನದೊಂದನ್ನೇ ನೋಡಿದೆ.

ಮೂರು ಮನೆಗೂ ನೀರು ದನದ ಕೊಟ್ಟಿಗೆಯ ಕೆಳಗಿನ ಬಾವಿಯದು. ಆ ಮಳೆಗೆ ಬಾವಿ ತುಂಬಿ ಕೊಟ್ಟಿಗೆಯ ನೀರೆಲ್ಲ ಅದಕ್ಕೇ ಇಳಿದಿತ್ತು.

ಜಗಳದ ದಿನ ನಾನು ಅಳುತ್ತಾ ಹಿತ್ತಲಲ್ಲಿದ್ದೆ. ಒಳಗೆ ಕೂಸಿಗೆ ಚಕ್ಕೆ ನೀರು ಹಾಕುತ್ತಿದ್ದವಳು ಯಾರು?

ಪ್ರಸಾದ ತೆಗೆದುಕೊಳ್ಳಲು ಏಳಲಿಲ್ಲ. ಪಕ್ಕದವಳು ತಿವಿದಳು. ಕಾಲು ನೋವು ಎಂದೆ.

ಪ್ರತಿ ಜುಲೈಯಲ್ಲಿ ಒಂಬತ್ತು ದಿನ ಮಂಡಿಯೂರಿ ನಾನು ಕ್ಷಮೆ ಕೇಳಿದ್ದೇನೆ. ಮಂಡಿ ಕಪ್ಪಾಗಿದೆ. ಯಾರ ಪಾಪಕ್ಕೆ?

ಮಾರ್ಚ್ 24, ಶುಕ್ರವಾರ

ಸೋಮವಾರ ಗ್ರಿಸೆಲ್ದಾಳ ಹತ್ತಿರ ಹೋಗಿದ್ದೆ. ಟೋಪಿ ಎತ್ತಿಟ್ಟಿದ್ದಳು. ಹಾಲು ಹಿಂಡಲು ಕಕ್ಕಸಲ್ಲದ ಜಾಗ ಕೊಡಬೇಕೆಂದು ಕಾನೂನೇ ಇದೆಯಂತೆ, ಅದರ ಕಾಗದ ಕೊಟ್ಟಳು. ಯಾದಿರಾ ಹೆದರಿದಳು. ಉಬಾಲ್ದೊ ಅವಳಿಗಿಂತ ಹೆಚ್ಚು ಹೆದರಿದ. "ನಮ್ಮ ಕಾಗದಪತ್ರಾನೇ ನೆಟ್ಟಗಿಲ್ಲ, ಇನ್ನೊಬ್ಬರಿಗೆ ಕಾಗದ ತೋರಿಸ್ತೀರಾ ಅತ್ತೆ?"

"ನೀನು ತೋರಿಸ್ಬೇಡಪ್ಪ. ನಾನು ತೋರಿಸ್ತೀನಿ."

ಕೊನೆಗೆ ಯಾದಿರಾ ತಾನೇ ಒಯ್ದಳು. ಒಬ್ಬಳೇ ಅಲ್ಲ, ಬೆಲ್ಟಿನ ಇನ್ನೂ ಇಬ್ಬರು ಬಾಣಂತಿಯರು ಜೊತೆಗೆ ನಿಂತರು. ರಟ್ಟಿನ ಡಬ್ಬ ಇಡುವ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟಿದ್ದಾರೆ. ಚಿಲಕ ಇಲ್ಲ. ಒಬ್ಬಳು ಕೂತಾಗ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳಂತೆ. ಚಿಲಕವನ್ನೂ ಕೇಳಿ ಎಂದೆ.

ಇವತ್ತು ಎರಡು ಚೀಲ ತಂದಳು. ಒಂದು ಅರ್ಧ, ಇನ್ನೊಂದು ಮುಕ್ಕಾಲು. ಚಮಚದಲ್ಲಿ ನಾನೇ ಕುಡಿಸಿದೆ.

ದಾರಿಯಲ್ಲಿ ಗುರುಗಳು ಸಿಕ್ಕರು. "ಕೋಪದ ಪುಸ್ತಕ ಎಲ್ಲಿಗೆ ಬಂತಮ್ಮ? ಪಾಪನಿವೇದನೆಗೆ ಬರಲಿಲ್ಲ."

"ಇನ್ನೂ ಮುಗಿದಿಲ್ಲ ಸ್ವಾಮಿ" ಎಂದೆ.

ಏಪ್ರಿಲ್ 1, ಶನಿವಾರ

ನಾಳೆ ಗರಿಗಳ ಭಾನುವಾರ, ಈಸ್ಟರಿಗೆ ಇನ್ನೊಂದು ವಾರ. ಊರಿಗೂ ಇಲ್ಲಿಗೂ ವ್ಯಾನಿನಲ್ಲಿ ಗಂಟುಮೂಟೆ ಸಾಗಿಸುವ ನಾಬೋರ್ ಇವತ್ತು ಹೊರಡುತ್ತಾನೆ, ಪವಿತ್ರ ವಾರ ಮುಗಿಸಿ ಬರುತ್ತಾನೆ. ಎಲ್ಲರೂ ಬಟ್ಟೆ, ಬೂಟು, ಮಿಕ್ಸಿ ಕೊಟ್ಟು ಕಳಿಸುತ್ತಿದ್ದರು. ನಾನು ಒಂದು ಕಾಗದ ಕೊಟ್ಟೆ. ನಾಲ್ಕು ಸಲ ಹರಿದು ಬರೆದದ್ದು. ಕೊನೆಗೆ ಉಳಿದದ್ದು ಇಷ್ಟೇ:

"ಅತ್ತೆ, ನನ್ನ ಮೊಮ್ಮಗಳು ಕೋಪದ ಹಾಲು ಕುಡಿದು ಹದಿನಾರು ದಿನವಾಯಿತು. ಚೆನ್ನಾಗಿದ್ದಾಳೆ. ಕ್ರಿಸ್ಪಿನ್ ಹೋದ ವಾರ ರಮೋನಾಳ ಕೂಸೂ ಹೋಯಿತು, ದೆಲ್ಫಿನಾಳದೂ ಹೋಯಿತು. ಅವರಿಗೆ ಯಾರ ಮೇಲೆ ಕೋಪವಿತ್ತು? ನೀವು ನನ್ನ ಮಗನಿಗೆ ಹಾಕಿದ ಚಕ್ಕೆ ನೀರು ಯಾವ ಬಾವಿಯದು? ಕುದಿಸಿದ್ದಿರೋ ಇಲ್ಲವೋ? ಬೇಕೆಂದು ಮಾಡಿದಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವನನ್ನು ಮಲಗಿಸಿದ್ದ ಮೇಜಿನ ಮುಂದೆ ನೀವು ಆಡಿದ ಮಾತು ಬೇಕೆಂದೇ ಆಡಿದ್ದು. ಅದನ್ನು ವಾಪಸು ತೆಗೆದುಕೊಳ್ಳಿ. ಅಂದು ಯಾರ ಯಾರ ಮುಂದೆ ಆಡಿದಿರೋ, ಬದುಕಿರುವವರ ಮುಂದೆ. ದೊಮಿತಿಲಾ."

ನಾಬೋರ್ ಕಾಗದವನ್ನು ಜೇಬಿಗೆ ಹಾಕಿಕೊಳ್ಳುತ್ತಾ ಕೇಳಿದ, "ಕೊಟ್ಟು ಬಂದ್ರೆ ಸಾಕಲ್ವಾ, ದೋನ್ಯಾ?"

"ಸಾಲದು. ಕಿವಿ ಕೇಳಲ್ಲ ಅಂತಾಳೆ, ಗಟ್ಟಿಯಾಗಿ ಓದಿ ಹೇಳಪ್ಪ. ಕಣ್ಣಿಗೆ ಶಾಲು ಒತ್ಕೊಳ್ತಾಳೆ, ಒತ್ಕೊಂಡು ಮುಗಿಯೋವರೆಗೂ ಕೂತಿರು. ಊಟಕ್ಕೆ ಏಳು ಅಂದ್ರೆ ಏಳ್ಬೇಡ. ಬರೆಯೋಕೆ ಬರಲ್ಲ ಅಂದ್ರೆ ನೀನೇ ಬರ್ಕೊಂಡು ಬೆರಳು ಒತ್ತಿಸ್ಕೊ. ಬೈದ್ರೆ ಬೈಗುಳಾನೇ ಬರ್ಕೊ. ಆದ್ರೆ ಬರಿಗೈಲಿ ಮಾತ್ರ ಬರಬೇಡ, ನಾಬೋರ್. ಅವಳ ಉತ್ತರ ನನಗೆ ತಂದ್ಕೊಡು."